ಗರಿಕೆ ಹಾಕಿದ ಲಸಾನ್ಯ

ನಮ್ಮ ಮನೆಯ ಹಜಾರದಲ್ಲಿ ಒಂದು ಐಸ್‌ಕ್ರೀಮ್ ಪೆಟ್ಟಿಗೆ ಇತ್ತು. ಪುಲ್ಪಳ್ಳಿಯಲ್ಲಿ ಯಾರದೋ ಅಂಗಡಿ ಮುಚ್ಚಿದಾಗ ನಮ್ಮ ಯಜಮಾನರು ಅಗ್ಗಕ್ಕೆ ಸಿಕ್ಕಿತೆಂದು ಜೀಪಿಗೆ ಹಾಕಿಸಿಕೊಂಡು ಬಂದ ದೊಡ್ಡ ಫ್ರೀಜರ್ ಅದು. ಮುಚ್ಚಳದ ಮೇಲೆ ಕೋನ್ ಹಿಡಿದು ನಗುವ ಹುಡುಗಿಯ ಚಿತ್ರ. ಇದನ್ನು ಯಾಕೆ ತಂದಿರಿ ಎಂದು ಕೇಳಿದರೆ, "ಇರ್ಲಿ ಬುಡು, ಯಾವುದಕ್ಕಾದ್ರೂ ಆಯ್ತದೆ" ಎಂದರು. ಅವರು ಮನೆಗೆ ತಂದ ಅರ್ಧ ಸಾಮಾನುಗಳಿಗೆ ಇದೇ ವಿವರಣೆ. ಬಹಳ ಕಾಲ ನಾವು ಅದಕ್ಕೆ ಕರೆಂಟು ಕೊಡದೆ ಬಿತ್ತನೆ ಭತ್ತದ ಚೀಲ ಇಡುತ್ತಿದ್ದೆವು. ಇಲಿ ನುಗ್ಗದ ಪೆಟ್ಟಿಗೆ ಎಂದು ನಮ್ಮ ಅತ್ತೆಗೆ ಅದರ ಮೇಲೆ ಒಳ್ಳೆಯ ಗೌರವವಿತ್ತು.

ಕೊನೆಗೆ ಅದಕ್ಕೆ ಕರೆಂಟು ಸಿಕ್ಕಿದ್ದು ನನ್ನ ಅವ್ವನ ಕಣ್ಣಿನ ದೆಸೆಯಿಂದ. ಅವ್ವ ಇದ್ದದ್ದು ಗುಂಡ್ಲುಪೇಟೆಯ ಹತ್ತಿರ, ನನ್ನ ತಮ್ಮನ ಜೊತೆ. ತಮ್ಮ ಟೆಂಪೋ ಓಡಿಸುವವನು, ಇನ್ನೂ ಮದುವೆಯಾಗಿರಲಿಲ್ಲ. ಅವ್ವನ ಒಂದು ಕಣ್ಣು ಚಿಕ್ಕಂದಿನಲ್ಲೇ ಹೋಗಿತ್ತು. ಇದ್ದ ಇನ್ನೊಂದಕ್ಕೆ ಪೊರೆ ಕಟ್ಟುತ್ತಾ ಕಟ್ಟುತ್ತಾ, ಎದುರಿಗೆ ನಿಂತವರು ಬಾಯಿ ಬಿಡುವ ತನಕ ಯಾರೆಂದು ತಿಳಿಯದ ಹಂತಕ್ಕೆ ಬಂದಿತ್ತು. ಮೈಸೂರಿನ ಒಂದು ಆಸ್ಪತ್ರೆಯಲ್ಲಿ ಆಪರೇಷನ್ನಿಗೆ ದಿನ ಗೊತ್ತಾಯಿತು. ಇದೂ ಕೆಟ್ಟರೆ ಕತ್ತಲೆಯೇ ಗತಿ ಎಂಬ ಹೆದರಿಕೆ ಅವ್ವನಿಗೆ. ಫೋನಿನಲ್ಲಿ ಒಂದೇ ಮಾತು: "ನೀ ಬಂದು ಒಂದ್ವಾರ ಇದ್ರೆ ಮಾಡಿಸ್ಕತೀನಿ. ಇಲ್ದಿದ್ರೆ ಬ್ಯಾಡ ಬುಡವ್ವ, ಹಿಂಗೇ ಕಾಲ ಹಾಕ್ತೀನಿ."

ಆ ದಿನ ಬಂದದ್ದು ಸರಿಯಾಗಿ ಕೊಯ್ಲಿನ ನಡುವೆ. ಗಡಿಯಾಚೆ, ಮಲಯಾಳಿಗಳ ನಡುವೆ ಇರುವ ನಮ್ಮೂರು ಚೇಕಾಡಿಯಲ್ಲಿ ಗಂಧಸಾಲೆ ಎಂಬ ಪರಿಮಳದ ಭತ್ತ ಕೊಯ್ಯುವ ಕಾಲದಲ್ಲಿ ಮನೆಯ ಸೊಸೆ ಊರು ಬಿಡುವುದು ಎಂದರೆ ಮದುವೆಯ ಹೊತ್ತಿಗೆ ಮದುವಣಗಿತ್ತಿ ಸಿನಿಮಾಕ್ಕೆ ಹೋದ ಹಾಗೆ. ಮದುವೆಯಾಗಿ ಬಂದಾಗಿನಿಂದ ಕೊಯ್ಲಿನ ಹೊತ್ತಿನಲ್ಲಿ ನಾನು ಒಮ್ಮೆಯೂ ತವರಿಗೆ ಹೋಗಿರಲಿಲ್ಲ. ಮಧ್ಯಾಹ್ನದ ಗಂಜಿಯನ್ನು ಅತ್ತೆ ಮಣೆಯ ಮೇಲೆ ಕೂತೇ ಬೇಯಿಸಬಲ್ಲರು. ತಾಪತ್ರಯವೆಲ್ಲ ಸಂಜೆಯದು. ಗದ್ದೆಯಿಂದ ಬಂದವರು ಉಂಡು, ಆನೆ ನುಗ್ಗದಂತೆ ಗದ್ದೆ ಕಾಯಲು ಮರದ ಮೇಲಿನ ಗುಡಿಸಲಿಗೆ ಹೊರಡಬೇಕು. ಅಷ್ಟು ಹೊತ್ತಿಗೆ ಅತ್ತೆಯ ಮಂಡಿ ನೋವು ಜೋರಾಗಿ, ಎದ್ದು ನಿಲ್ಲುವುದೇ ಕಷ್ಟ. ಯಜಮಾನರಂತೂ ಕಾಫಿಗೆ ನೀರು ಕಾಯಿಸಿ ಒಲೆ ಆರಿಸುವುದನ್ನು ಮರೆಯುವ ಪೈಕಿ.

ಇದನ್ನೆಲ್ಲ ನಾನು ಅಳುಮುಖ ಮಾಡಿಕೊಂಡು ಹೇಳಿದ್ದು ಮುಳ್ಳನ್‌ಕೊಲ್ಲಿಯ ಚೇಚಿಯ ಹತ್ತಿರ. ಚೇಚಿ ಎಂದರೆ ಮಲಯಾಳದಲ್ಲಿ ಅಕ್ಕ; ನಾವೆಲ್ಲ ಅವರನ್ನು ಹಾಗೇ ಕರೆಯುವುದು. ಅವರು ಬಹಳ ವರ್ಷ ಇಟಲಿಯಲ್ಲಿ ಒಬ್ಬ ಅಜ್ಜಿಯನ್ನು ನೋಡಿಕೊಳ್ಳುವ ಕೆಲಸ ಮಾಡಿ, ಊರಿಗೆ ಮರಳಿ ಮೆಣಸಿನ ತೋಟ ಮಾಡಿಕೊಂಡಿದ್ದವರು. ಪ್ರಪಂಚದಲ್ಲಿ ಅವರಿಗೆ ಗೊತ್ತಿಲ್ಲದ ಪರಿಹಾರವಿಲ್ಲ. ಅಲ್ಲಿಯ ಹೆಂಗಸರು ಎಲ್ಲಿಗಾದರೂ ಹೋಗುವ ಮುಂಚೆ ಲಸಾನ್ಯ ಮಾಡಿ ಫ್ರೀಜರಿನಲ್ಲಿ ತುಂಬಿಟ್ಟು ಹೋಗುತ್ತಾರಂತೆ. ಹಿಟ್ಟಿನ ಹಾಳೆ, ಅದರ ಮೇಲೆ ಗೊಜ್ಜು, ಮತ್ತೆ ಹಾಳೆ, ಮತ್ತೆ ಗೊಜ್ಜು. ದಿನಕ್ಕೊಂದು ಡಬ್ಬಿ ತೆಗೆದು ಬೇಯಿಸಿದರೆ ಊಟ ತಯಾರು. ಸಾಂಬಾರನ್ನೇ ಹೀಗೆ ಇಟ್ಟರಾಗದೇ ಎಂದು ಕೇಳಿದೆ. ಚೇಚಿ ನನ್ನನ್ನು ಕನಿಕರದಿಂದ ನೋಡಿದರು.

"ಪೇಡಿಕ್ಕೇಂಡ ಮೋಳೆ," ಎಂದರು. ಹೆದರಬೇಡ ಮಗಳೇ ಎಂದು ಅವರು ಹೇಳಿದಾಗಲೆಲ್ಲ ನನಗೆ ದೊಡ್ಡ ಕೆಲಸ ಕಾದಿರುತ್ತಿತ್ತು.

ಚೇಚಿಯ ಅಡುಗೆಮನೆಯಲ್ಲೇ ಮೈದಾ, ಮೊಟ್ಟೆ ಕಲಸಿ ಚಪಾತಿ ಮಣೆಯ ಮೇಲೆ ಲಟ್ಟಿಸಿದೆ. ಇನ್ನೂ ತೆಳ್ಳಗೆ ಎಂದರು. ಲಟ್ಟಿಸಿದೆ. ಇನ್ನೂ ತೆಳ್ಳಗೆ ಎಂದರು. ಆ ದೇಶ ಬಿಟ್ಟು ಬಂದರೂ ಇಟಲಿಯ ಅಜ್ಜಿಯ ಹಟ ಚೇಚಿಯನ್ನು ಬಿಟ್ಟಿರಲಿಲ್ಲ. ಆಮೇಲೆ ಟೊಮೆಟೊ, ಕೊಚ್ಚಿದ ಕೋಳಿ ಹಾಕಿದ ಕೆಂಪು ಗೊಜ್ಜು. ಬೆಣ್ಣೆ, ಮೈದಾ, ಹಾಲು ಸೇರಿಸಿ ಗಂಟಾಗದಂತೆ ಕಲಕುತ್ತಲೇ ಇರಬೇಕಾದ ಬಿಳಿ ಗೊಜ್ಜು. ಚೀಸು, ಫಾಯಿಲಿನ ಡಬ್ಬಿಗಳು ಬತ್ತೇರಿ ಪೇಟೆಯಿಂದ ಬಂದವು. ನಮ್ಮ ಮನೆಯಲ್ಲಿ ಓವನ್ ಇಲ್ಲವೆಂದರೆ ಅದಕ್ಕೂ ಚೇಚಿಯ ಬಳಿ ಉತ್ತರವಿತ್ತು: ದೊಡ್ಡ ಪಾತ್ರೆಯಲ್ಲಿ ಮರಳು ಹಾಕಿ ಒಲೆಯ ಮೇಲಿಟ್ಟು, ಒಳಗೆ ಡಬ್ಬಿ ಇಟ್ಟು, ಮುಚ್ಚಳದ ಮೇಲೆ ಕೆಂಡ ಹರಡುವುದು.

ಮನೆಯಲ್ಲಿ ನಾನು ಪದರ ಜೋಡಿಸುತ್ತಿದ್ದಾಗ ಯಜಮಾನರು ಬಾಗಿಲಲ್ಲಿ ನಿಂತು, "ಸಿಮೆಂಟ್ ಏನಾದ್ರೂ ಬೇಕಾ?" ಎಂದು ಕೇಳಿದರು. ಅತ್ತೆಗೆ ತಮಾಷೆ ಮಾಡುವ ಮನಸ್ಸಿರಲಿಲ್ಲ. ಗದ್ದೆಯಲ್ಲಿ ದುಡಿದು ಬಂದವರಿಗೆ ಯಾವತ್ತೋ ಮಾಡಿದ್ದನ್ನು ಬಡಿಸುವುದು ಅವರ ಪ್ರಕಾರ ಮನೆತನಕ್ಕೆ ಅವಮಾನ.

"ನಾಳಿದ್ದಿನ ಕೂಳ ಇವತ್ತೇ ಬೇಯ್ಸಿ ಇಡ್ತಾರೇನವ್ವ? ಒಲೆ ಏನು ಸತ್ತೋಗಿದ್ದದಾ?"

"ನಿಮ್ಮ ಮಂಡಿ ನೋಯ್ತದೆ ಅಂತ ಅಲ್ವಾ ಅತ್ತೆ."

"ನನ್ನ ಮಂಡಿ ಸುದ್ದಿ ನಿನಗ್ಯಾಕೆ. ಅದು ನಲವತ್ತು ವರ್ಷದಿಂದ ನೋಯ್ತದೆ."

ಆದರೂ ರುಚಿ ನೋಡಲೆಂದು ಬೇಯಿಸಿದ ಮೊದಲ ಡಬ್ಬಿಯಿಂದ ಅವರು ಒಂದು ತುಂಡು ತಿಂದರು. ಇನ್ನೊಂದು ತುಂಡು ಹಾಕಿಕೊಂಡು, ಕೆಟ್ಟುಹೋಗದಿರಲಿ ಎಂದು ತಿನ್ನುತ್ತಿದ್ದೇನೆ ಎಂದರು. ಅದು ಒಲೆಯಿಂದ ಇಳಿದು ಇನ್ನೂ ಹೊಗೆಯಾಡುತ್ತಿತ್ತು.

ಐಸ್‌ಕ್ರೀಮ್ ಹುಡುಗಿಯ ಕೆಳಗೆ ವಾರಕ್ಕಾಗುವಷ್ಟು ಡಬ್ಬಿಗಳು ಕಲ್ಲಾಗಿ ಕೂತವು. ದಿನಕ್ಕೆ ನಾಲ್ಕು ಸಲ ಮುಚ್ಚಳ ತೆಗೆದು ನೋಡುತ್ತಿದ್ದೆ. ಅವ್ವನಿಗೆ ಫೋನು ಮಾಡಿ ಬರುತ್ತೇನೆ ಎಂದೆ. ಅವ್ವ ಆಸ್ಪತ್ರೆಗೆ ಹೂಂ ಎಂದಳು. ನನ್ನ ಬುದ್ಧಿವಂತಿಕೆಗೆ ನಾನೇ ಬೀಗುತ್ತಿದ್ದ ಆ ಹೊತ್ತಿಗೆ, ಯಜಮಾನರು ಗೋಡೆಯ ಕ್ಯಾಲೆಂಡರ್ ಮುಂದೆ ನಿಂತು, ನಾನು ಬಸ್ಸು ಹತ್ತುವ ಹಿಂದಿನ ದಿನವೇ ಸೂರ್ಯಗ್ರಹಣ ಎಂದು ಓದಿ ಹೇಳಿದರು.

ಅತ್ತೆ ಎಲೆಯಡಿಕೆ ಅಗಿಯುವುದನ್ನು ನಿಲ್ಲಿಸಿ ಪೆಟ್ಟಿಗೆಯ ಕಡೆ ನೋಡಿದರು. ಗ್ರಹಣಕ್ಕೆ ಮುಂಚೆ ಬೇಯಿಸಿದ್ದನ್ನು ಗ್ರಹಣ ಬಿಟ್ಟ ಮೇಲೆ ನಮ್ಮಲ್ಲಿ ಉಣ್ಣುವುದಿಲ್ಲ. ಉಳಿದದ್ದನ್ನು ಹೊರಗೆ ಹಾಕಿ, ಮಿಂದು, ಹೊಸದಾಗಿ ಒಲೆ ಹಚ್ಚುವುದು. ಇದು ನನಗೂ ಗೊತ್ತಿತ್ತು. ಗೊತ್ತಿದ್ದೂ ಕ್ಯಾಲೆಂಡರ್ ನೋಡದ ನನ್ನ ಮೇಲೆ ನನಗೇ ಸಿಟ್ಟು ಬಂತು.

ಯಜಮಾನರು ವಕೀಲರಾದರು. ಹಾಳೆಗಳು ಹಸಿ, ಗೊಜ್ಜು ಮಾತ್ರ ಬೆಂದದ್ದು, ಹಾಗಾದರೆ ಈ ಪದಾರ್ಥ ಬೆಂದದ್ದೋ ಹಸಿಯೋ ಎಂದು ಕೇಳಿದರು. ಬೆಂದದ್ದು ಮುಟ್ಟಿದ ಮೇಲೆ ಎಲ್ಲವೂ ಬೆಂದದ್ದೇ ಎಂದು ಅತ್ತೆ ತೀರ್ಪು ಕೊಟ್ಟರು. ಮುಚ್ಚಿದ ಪೆಟ್ಟಿಗೆಯ ಒಳಗೆ ಗ್ರಹಣ ಹೇಗೆ ಹೋಗುತ್ತದೆ ಎಂದು ನಾನು ಕೇಳಿದೆ.

"ಬಸುರಿ ಹೊಟ್ಟೆ ಒಳಗಿರೋ ಕೂಸನ್ನೇ ಬುಡದಿಲ್ಲ," ಎಂದರು ಅತ್ತೆ. "ನಿನ್ನ ಐಸ್‌ಕ್ರೀಮ್ ಡಬ್ಬಾನ ಬುಟ್ಟದಾ?"

ಪಾತ್ರೆಗಳನ್ನು ಸ್ವಲ್ಪ ಜೋರಾಗಿಯೇ ತೊಳೆದೆ. ಎಲ್ಲವನ್ನೂ ಹೊರಗೆ ಎಸೆಯಲಿ, ನಾನಂತೂ ಹೋಗಿಯೇ ಹೋಗುತ್ತೇನೆ, ಇವರೆಲ್ಲ ಉಪವಾಸ ಬೀಳಲಿ ಎಂದು ಮನಸ್ಸಿನಲ್ಲೇ ದೊಡ್ಡ ಭಾಷಣ ಮಾಡಿದೆ. ಅತ್ತೆ ಮತ್ತೆ ಆ ಸುದ್ದಿಯನ್ನೇ ಎತ್ತಲಿಲ್ಲ. ಅವರು ಬೈದರೆ ತಡೆದುಕೊಳ್ಳಬಹುದು. ಸುಮ್ಮನಾದರೆ ನನಗೆ ಭಯ.

ಗ್ರಹಣದ ದಿನ ಬೆಳಿಗ್ಗೆ, ದನಗಳಿಗೆ ಹುಲ್ಲು ಹಾಕಿ ಕಣದ ಭತ್ತ ಮುಚ್ಚಿ ಬರಲು ಹೋಗಿದ್ದೆ. ಮರಳಿ ಅಡುಗೆಮನೆಗೆ ಕಾಲಿಟ್ಟರೆ, ಒಲೆಯ ಸುತ್ತ ನನ್ನ ಡಬ್ಬಿಗಳೆಲ್ಲ ಪಂಕ್ತಿ ಕೂತಿದ್ದವು. ಮೇಲಿನ ಫಾಯಿಲು ಮಡಚಿತ್ತು. ಒಂದೊಂದರ ನಡುವೆಯೂ ಒಂದೊಂದು ಗರಿಕೆ ಹುಲ್ಲಿನ ಎಳೆ ನೆಟ್ಟಗೆ ನಿಂತಿತ್ತು. ನೆಲದ ಮೇಲೆಲ್ಲ ನೀರು. ಅತ್ತೆ ಮಡಿಲಲ್ಲಿ ಗರಿಕೆಯ ಕಟ್ಟು ಇಟ್ಟುಕೊಂಡು ಕೊನೆಯ ಡಬ್ಬಿಗೆ ಎಳೆ ಚುಚ್ಚುತ್ತಿದ್ದರು.

"ಏನ್ ಮಾಡ್ಬುಟ್ರಿ ಅತ್ತೆ," ಎಂದು ಕೂಗಿಯೇಬಿಟ್ಟೆ.

"ಗರಿಕೆ ಹಾಕಿದ್ರೆ ದೋಷ ಇಲ್ಲ ಕನವ್ವ. ನೀರಿಗೆ, ಮಜ್ಜಿಗೆಗೆ, ಉಪ್ಪಿನಕಾಯಿಗೆಲ್ಲ ಹಾಕದಿಲ್ವಾ, ಹಂಗೇ. ಆದ್ರೆ ಇವು ಕಲ್ಲಂಗೆ ಕೂತಿದ್ದೊ, ಹುಲ್ಲು ಒಳೀಕೆ ಇಳೀನೇ ಇಲ್ಲ. ಮೆತ್ತಗಾಗ್ಲಿ ಅಂತ ಕತ್ತಲಲ್ಲೇ ಎದ್ದು ಒಲೆ ಮಗ್ಗುಲಲ್ಲಿ ಇಟ್ಟೆ." ಅವರ ಮುಖದಲ್ಲಿ ಒಂದು ಕೆಲಸ ಮುಗಿಸಿದ ಸಂತೋಷವಿತ್ತು. "ಇನ್ನು ಯಾರೂ ಒಂದ್ ಮಾತು ಅನ್ನಂಗಿಲ್ಲ. ನೀನು ನೆಮ್ಮದಿಯಾಗಿ ಹೋಗ್ಬುಟ್ಟು ಬಾ."

ಚೇಚಿಗೆ ಫೋನು ಮಾಡಿದೆ. ಹುಲ್ಲಿನ ಸಂಗತಿ ಕೇಳಿ ಅವರು ಜೋರಾಗಿ ನಕ್ಕರು. ನಕ್ಕು ಮುಗಿಸಿ, ಒಮ್ಮೆ ಕರಗಿದ್ದನ್ನು ಮತ್ತೆ ಒಳಗೆ ಇಡಬೇಡ, ಎಲ್ಲವನ್ನೂ ಇವತ್ತೇ ಬೇಯಿಸಿ ತಿಂದು ಮುಗಿಸಬೇಕು ಎಂದರು. ನಾನು ಅದನ್ನು ಅತ್ತೆಗೆ ಹೇಳಿದೆ. ಅವರು ಕೈಯಲ್ಲಿ ಉಳಿದಿದ್ದ ಗರಿಕೆಯನ್ನು ನೋಡುತ್ತಾ ಕೂತರು.

"ಹಂಗಾದ್ರೆ ನಾನೇ ಹಾಳು ಮಾಡ್ಬುಟ್ನಾ?"

ಯಾವ ಮಾತಿಗೂ ಮಾತು ಕೊಡುವ ಹೆಂಗಸು ಹಾಗೆ ಕೇಳಿದಾಗ ನನ್ನ ಸಿಟ್ಟೆಲ್ಲ ಎಲ್ಲಿ ಹೋಯಿತೋ. ನೋಯುವ ಮಂಡಿ ಇಟ್ಟುಕೊಂಡು, ಆ ಚಳಿಯಲ್ಲಿ ಬದುವಿನ ಮೇಲೆ ಬಗ್ಗಿ ಗರಿಕೆ ಕಿತ್ತು ತಂದದ್ದು ನನ್ನನ್ನು ತವರಿಗೆ ಕಳಿಸಲಿಕ್ಕೆ. ಅಳು ಬಂತು. ಆ ಡಬ್ಬಿಗಳ ಸಾಲು ನೋಡಿ ನಗುವೂ ಬಂತು. ಇಬ್ಬರೂ ಒದ್ದೆ ನೆಲದ ಮೇಲೆ ಕೂತು ನಕ್ಕೆವು.

ಗ್ರಹಣ ಹಿಡಿಯಿತು. ಪೇಟೆಯವರೆಲ್ಲ ಕಪ್ಪು ಕನ್ನಡಕ ಹಾಕಿಕೊಂಡು ಗುಡ್ಡ ಹತ್ತಿದ್ದರಂತೆ. ನಾವು ಬಾಗಿಲು ಹಾಕಿಕೊಂಡು ಕೂತೆವು. ಬೆಳಕು ಮಂಕಾಗಿ ಕೋಳಿಗಳು ಗೂಡಿಗೆ ನಡೆದದ್ದು ಕಿಟಕಿಯ ಸಂದಿಯಲ್ಲಿ ಕಂಡಿತು. ಬಿಟ್ಟ ಮೇಲೆ ಮಿಂದು, ಅಂಗಳದಲ್ಲಿ ಮೂರು ಒಲೆ ಹೂಡಿ, ಮನೆಯಲ್ಲಿದ್ದ ದೊಡ್ಡ ಪಾತ್ರೆಗಳಿಗೆಲ್ಲ ಮರಳು ತುಂಬಿದೆವು. ಒಂದು ವಾರದ ಊಟ ಒಂದೇ ಮಧ್ಯಾಹ್ನ ಬೆಂದಿತು. ಕೊಯ್ಲಿನ ಕೂಲಿಯಾಳುಗಳೆಲ್ಲ ಕಣದಲ್ಲಿ ಸಾಲಾಗಿ ಕೂತರು. ತಟ್ಟೆಯಲ್ಲಿ ಬಿದ್ದ ತುಂಡಿನಿಂದ ಹುಲ್ಲಿನ ಎಳೆ ಎಳೆದು, ಒಬ್ಬಾಕೆ ಇದನ್ನು ತಿನ್ನಬೇಕೋ ಬಿಡಬೇಕೋ ಎಂದು ಕೇಳಿದಳು. ಯಜಮಾನರು ಬಹಳ ಗಂಭೀರವಾಗಿ, ಇಟಲಿಯಲ್ಲಿ ಹೀಗೇ ಮಾಡುವುದು, ಹುಲ್ಲು ತೆಗೆದು ಪಕ್ಕಕ್ಕಿಟ್ಟು ತಿನ್ನಬೇಕು ಎಂದು ತಿಳಿಸಿದರು. ಎಲ್ಲರೂ ಹಾಗೆಯೇ ಮಾಡಿದರು. ನಿಂಬೆ ಉಪ್ಪಿನಕಾಯಿ ಕೇಳಿ ಹಾಕಿಸಿಕೊಂಡು ಮತ್ತೆ ಮತ್ತೆ ತಿಂದರು.

ಸಂಜೆ ಪೆಟ್ಟಿಗೆ ಖಾಲಿ. ಅವ್ವನಿಗೆ ಫೋನು ಮಾಡಿ ಆಪರೇಷನ್ ಮುಂದಕ್ಕೆ ಹಾಕಿಸುತ್ತೇನೆ ಎಂದು ಅತ್ತೆಗೆ ಹೇಳಿದೆ. ಮುಂದಕ್ಕೆ ಹಾಕಿದರೆ ಅವಳು ಮತ್ತೆ ಒಪ್ಪುವುದಿಲ್ಲ ಎಂಬುದು ಇಬ್ಬರಿಗೂ ಗೊತ್ತಿತ್ತು. ಅತ್ತೆ ಫೋನನ್ನು ನನ್ನ ಕೈಯಿಂದ ತೆಗೆದುಕೊಂಡು ಸೆರಗಿಗೆ ಸಿಕ್ಕಿಸಿಕೊಂಡರು. ಮಗನನ್ನು ಕರೆದು, ನಾಳೆಯಿಂದ ಈರುಳ್ಳಿ ಹೆಚ್ಚುವುದು ನಿನ್ನ ಕೆಲಸ ಎಂದರು. ಯಜಮಾನರು ನನ್ನ ಕಡೆ ನೋಡಿದರು. ನಾನು ಬಟ್ಟೆ ಮಡಚಲು ಒಳಗೆ ಹೋದೆ.

ಮೈಸೂರಿನಲ್ಲಿ ಆಪರೇಷನ್ ಆದ ದಿನ ಸಂಜೆ ಮನೆಯಿಂದ ಫೋನು ಬಂತು. ಬಿಳಿ ಗೊಜ್ಜು ಗಂಟಾಗದಂತೆ ನೀನು ಏನು ಮಾಡುತ್ತಿದ್ದೆ ಎಂದು ಅತ್ತೆ ಕೇಳಿದರು. ಹಿಂದಿನಿಂದ ಯಜಮಾನರ ದನಿ: "ಹಾಳೆ ಸಾಕಾ ಅವ್ವ, ಇನ್ನೂ ತೆಳ್ಳಗಾಗ್ಬೇಕಾ?" ನಾಳೆ ಕಣ್ಣಿನ ಪಟ್ಟಿ ಬಿಚ್ಚುತ್ತಾರೆ, ಬಿಚ್ಚಿದ ತಕ್ಷಣ ಬಸ್ಸು ಹತ್ತುತ್ತೇನೆ, ಔಷಧಿ ಹಾಕುವುದನ್ನು ತಮ್ಮ ನೋಡಿಕೊಳ್ಳುತ್ತಾನೆ ಎಂದೆ.

"ಬಂದ್ರೆ ಬಾಗ್ಲು ತೆಗ್ಯಕ್ಕಿಲ್ಲ," ಎಂದರು ಅತ್ತೆ. "ನಿಮ್ಮವ್ವ ಕೇಳಿದ್ದು ಒಂದ್ವಾರ. ಪೂರ್ತಿ ಇದ್ದು ಬಾ." ಗೊಜ್ಜು ತಳ ಹಿಡಿಯುತ್ತದೆಂದು ಫೋನು ಇಟ್ಟುಬಿಟ್ಟರು.

ಮಾರನೆಯ ದಿನ ಬೆಳಿಗ್ಗೆ ನರ್ಸು ಪಟ್ಟಿ ಬಿಚ್ಚಿ ಕಣ್ಣು ಒರೆಸಿದರು. ಅವ್ವ ಸ್ವಲ್ಪ ಹೊತ್ತು ಕಣ್ಣು ತೆರೆಯಲೇ ಇಲ್ಲ. ನಾನು ಮಂಚದ ಎದುರಿಗೆ ನಿಂತಿದ್ದೆ. ಡಾಕ್ಟರು ಎರಡು ಬೆರಳು ಎತ್ತಿ ಎಷ್ಟು ಹೇಳಮ್ಮ ಎಂದು ಕೇಳಿದರು. ಅವ್ವ ಬೆರಳು ನೋಡಲಿಲ್ಲ. ಡಾಕ್ಟರನ್ನು ದಾಟಿ ನನ್ನ ಕಡೆಗೆ ನೋಡಿದಳು. ನೋಡುತ್ತಲೇ ಇದ್ದಳು.

"ಯಾವಾಗವ್ವ ನರೀತು ನಿನ್ನ ತಲೆ?" ಎಂದಳು.

ನನ್ನ ಕೂದಲು ನರೆಯತೊಡಗಿ ಎಷ್ಟೋ ವರ್ಷಗಳಾಗಿದ್ದವು. ಈ ಕೊಯ್ಲು ಮುಗಿಯಲಿ, ಆ ಕೊಯ್ಲು ಮುಗಿಯಲಿ ಎಂದು ಮುಂದೂಡುತ್ತಾ ನಾನು ಅಪರೂಪಕ್ಕೆ ಬಂದುಹೋಗುತ್ತಿದ್ದ ಅಷ್ಟು ವರ್ಷವೂ ಅವ್ವನ ಪಾಲಿಗೆ ನಾನು ಕಪ್ಪು ಜಡೆಯ ಮಗಳಾಗಿಯೇ ಉಳಿದಿದ್ದೆ. ಹೋಗಿ ಮಂಚದ ಮೇಲೆ ಅವಳ ಮಗ್ಗುಲಲ್ಲಿ ಕೂತೆ. ಅವ್ವ ನನ್ನ ತಲೆಯನ್ನು ಬೆಳಕಿನ ಕಡೆಗೆ ತಿರುಗಿಸಿಕೊಂಡು, ಬಿಳಿ ಕೂದಲನ್ನು ಒಂದೊಂದಾಗಿ ಬೇರ್ಪಡಿಸಿ ನೋಡತೊಡಗಿದಳು.