ಸವಣೂರಿಗೆ ಹೊತ್ತ ನೀರಿನ ತೂಕ

ಯುದ್ಧದ ದಿನಗಳು. ಪೆಟ್ರೋಲು ಸಿಗದೆ ಹಿರೇಕೆರೂರಿನ ಮೋಟಾರು ಇದ್ದಲಿನ ಹೊಗೆಯಿಂದ ಓಡುತ್ತಿತ್ತು. ಅರಳೆ ವ್ಯಾಪಾರಿಯಾದ ನನ್ನ ಸೋದರಮಾವನ ಜೊತೆ ಸವಣೂರಿಗೆ ಹೊರಟೆ. ಮಾವನ ಮೂತ್ರಚೀಲದ ಬುಡದ ಗ್ರಂಥಿಯಲ್ಲಿ ಕ್ಯಾನ್ಸರ್ ಗಂಟು ಇತ್ತು. ಸವಣೂರಿನ ಡಾಕ್ಟರು ಕತ್ತಿ ಮುಟ್ಟಿಸದೆ, ಪ್ರತಿ ತಿಂಗಳು ತೂಕ ನೋಡಿ, ಬೆನ್ನುನೋವು ವಿಚಾರಿಸಿ, ರೋಗ ಎಲ್ಲಿಗೆ ಬಂತೆಂದು ಅಂದಾಜು ಮಾಡುತ್ತಿದ್ದರು. ತೂಕ ಇಳಿದರೆ ಮುಂಬೈಯಲ್ಲಿ ಆಪರೇಶನ್ ಎಂದಿದ್ದರು. ಹುಲಿಯಂಥ ಮಾವ ಆಪರೇಶನ್ನಿಗೆ ಮಾತ್ರ ಹೆದರುತ್ತಿದ್ದ. ತೂಕದಿಂದ ರೋಗ ಅಳೆಯುವುದು ಹೇಗೆಂದು ನೋಡುವ ಕುತೂಹಲ ನನಗೆ.

ಹಾನಗಲ್ಲಿನಲ್ಲಿ ಮೋಟಾರು ನಿಂತುಬಿಟ್ಟಿತು. ಡ್ರೈವರ ಇದ್ದಲು ಕೆದಕುವಾಗ ನಾವು ರೊಟ್ಟಿ, ಶೇಂಗಾ ಚಟ್ನಿ ಬಿಚ್ಚಿದೆವು. ಮಾವ ತಿಂದದ್ದು ಅರ್ಧ ರೊಟ್ಟಿ, ಕುಡಿದದ್ದು ತಂಬಿಗೆ ತುಂಬ ನೀರು. ಶಿಗ್ಗಾವಿಯಲ್ಲಿ ಟಾಂಗಾ ಹತ್ತುವ ಮೊದಲು ಮತ್ತೆ ನೀರು.

"ಇಷ್ಟ್ಯಾಕ ಕುಡ್ಯಾಕತ್ತೀ ಮಾಮಾ?"

"ಅರಳಿಗೆ ನೀರ ಹೊಡದ್ರ ಏನಾಗತೈತಿ, ಹೇಳು?"

"ತೂಕ ಏರತೈತಿ."

ಮಾವ ಕಣ್ಣು ಮಿಟುಕಿಸಿದ. ಹುಟ್ಟುಗುಣ ಸುಟ್ಟರೂ ಹೋಗದು ಎಂದು ನಾನು ನಕ್ಕೆ.

ಸವಣೂರಿನ ವೀಳ್ಯದೆಲೆ ತೋಟಗಳು ಕಾಣುವ ಹೊತ್ತಿಗೆ ನಗು ಇಂಗಿಹೋಗಿತ್ತು. ಮಾವ ಮತ್ತೆ ಮತ್ತೆ ಟಾಂಗಾ ನಿಲ್ಲಿಸಿ ಬೇಲಿಯ ಮರೆಗೆ ಹೋದ. ಒಂದು ಹನಿಯೂ ಬರಲಿಲ್ಲ. ಕುಡಿದದ್ದೆಲ್ಲ ಒಳಗೇ ಕಟ್ಟಿಕೊಂಡು ಕಿಬ್ಬೊಟ್ಟೆ ಕಲ್ಲಾಗಿತ್ತು. "ಯಪ್ಪಾ, ಸತ್ತೆ" ಎಂದು ನನ್ನ ಹೆಗಲು ಹಿಡಿದುಕೊಂಡ. ಟಾಂಗಾ ಜೋರಾಗಿ ಓಡಿಸೆಂದು ನಾನು ಕೂಗಿದೆ.

ಡಾಕ್ಟರು ರಬ್ಬರು ನಳಿಕೆ ಹಾಕಿ ಮೂತ್ರ ತೆಗೆದರು. ಇಷ್ಟು ನೀರು ಯಾಕೆ ಕುಡಿದಿರೆಂದು ಮಾವನನ್ನು ಕೇಳಿದರು. ನಾನೇ ಹೇಳಿಬಿಟ್ಟೆ.

ಅವರು ಸಿಟ್ಟಾಗಲಿಲ್ಲ. "ಸಾವಕಾರ್ರ, ಕೊಯ್ಯದ ಒಳಗಿಂದು ತಿಳ್ಕೊಳ್ಳಾಕ ನನಗಿರೂದು ನಿಮ್ಮ ತೂಕ, ನಿಮ್ಮ ಮಾತು. ಎರಡೂ ಸುಳ್ಳಾದ್ರ ನಾ ಏನ್ ನೋಡ್ಲಿ? ಬೆನ್ನ ನೋಯ್ತೈತೇನು?"

ಹೋದ ತಿಂಗಳು ಇಲ್ಲವೆಂದಿದ್ದ ಮಾವ ಈಗ ಮೆಲ್ಲಗೆ, "ನೋಯ್ತೈತ್ರಿ. ಭಾಳ," ಎಂದ.

ತೂಕವೂ ಇಳಿದಿತ್ತು. ಡಾಕ್ಟರು ಮುಂಬೈ ಎಂದರು. ಮಾವ ಎದ್ದು ಟಾಂಗಾದತ್ತ ನಡೆದ.

ಮರುದಿನ ಹಿರೇಕೆರೂರಿನಲ್ಲಿ ಇಳಿದವನೇ ಮನೆಗೆ ಹೋಗದೆ ನೇರ ಅಂಗಡಿಗೆ ನಡೆದ. ಅರಳೆ ತೂಗುವ ದೊಡ್ಡ ತಕ್ಕಡಿಯ ಒಂದು ತಟ್ಟೆಯಲ್ಲಿ ತಾನೇ ಕುಳಿತ. ಯಾರಿಗೂ ಮುಟ್ಟಗೊಡದ ತೂಕದ ಕಲ್ಲುಗಳನ್ನು ನನಗೆ ತೋರಿಸಿದ.

"ನೀ ಇಡು ತಮ್ಮಾ. ನಾ ಕೈ ಹಚ್ಚಂಗಿಲ್ಲ."

ನಾನು ಇಡತೊಡಗಿದೆ. ಮಾವನ ಹಳೆಯ ತೂಕಕ್ಕೆ ಬೇಕಾಗುತ್ತಿದ್ದ ದೊಡ್ಡ ಕಲ್ಲೊಂದು ಇನ್ನೂ ನನ್ನ ಕೈಯಲ್ಲೇ ಇತ್ತು. ಮಾವ ನೆಲ ಬಿಟ್ಟು ಮೇಲೆದ್ದ. ನನ್ನ ಕೈಯ ಕಲ್ಲನ್ನು ನೋಡಿದ.

"ಇಳಿಸು," ಎಂದ. "ಮುಂಬೈಗೆ ಹೋಗೂಣು."