ಯಾರದೋ ತಾಯಿಯ ಫೋಟೋ

ಮೊದಲು ಮೈಕು ಕುಂಯ್ ಎಂದು ಕಿರುಚಿತು, ಆಮೇಲೆ ‘ಹಲೋ, ಚೆಕ್, ಚೆಕ್.’ ಮುಂಬಯಿಯಲ್ಲಿ, ಮುಲುಂಡಿನ ನಮ್ಮ ಕನ್ನಡ ಸಂಘದ ವಾರ್ಷಿಕೋತ್ಸವ ಎಂದರೆ ಇಂದಿಗೂ ನನ್ನ ಕಿವಿಗೆ ಬರುವುದು ಆ ಸದ್ದೇ.

ತಂದೆತಾಯಿ ಇಲ್ಲದ ಮಕ್ಕಳ ಸ್ಕೂಲ್ ಫೀಸನ್ನು ಸಂಘ ದತ್ತಿನಿಧಿಯಿಂದ ಕಟ್ಟುತ್ತಿತ್ತು. ಒಳ್ಳೆಯ ಕೆಲಸವೇ. ಆದರೆ ಪ್ರತಿ ದತ್ತಿಯೂ ಯಾರದೋ ಸ್ಮರಣಾರ್ಥ. ಹಾಗಾಗಿ ಒಂದು ಪದ್ಧತಿ ಬೆಳೆದಿತ್ತು: ಫೀಸು ಪಡೆಯುವ ಮಗು ಯೂನಿಫಾರ್ಮಿನಲ್ಲಿ ಸ್ಟೇಜ್ ಹತ್ತಿ, ದಾನಿಯ ತೀರಿಹೋದ ತಾಯಿಯದೋ ತಂದೆಯದೋ ಹಾರ ಹಾಕಿದ ಫೋಟೋವನ್ನು ಎದೆಗೆ ಹಿಡಿದು ನಿಲ್ಲಬೇಕು. ಪಕ್ಕದಲ್ಲಿ ದಾನಿಯ ಫ್ಯಾಮಿಲಿ. ಕ್ಲಿಕ್. ಊಟಕ್ಕೆ ಮೊದಲೇ ಅದು ಎಲ್ಲರ ವಾಟ್ಸಾಪಿನಲ್ಲಿ.

ಆ ವರ್ಷ ಒಂಬತ್ತನೇ ಕ್ಲಾಸಿನ ಹುಡುಗಿಯೊಬ್ಬಳು ಗ್ರೀನ್‌ರೂಮಿನಿಂದ ಹೊರಗೇ ಬರಲಿಲ್ಲ. ಯಾದಗಿರಿ ಕಡೆಯಿಂದ ಕಟ್ಟಡದ ಕೆಲಸಕ್ಕೆ ಬಂದ ಅಪ್ಪ ಅವ್ವ ಇಬ್ಬರೂ ತೀರಿಹೋಗಿ, ಅಜ್ಜಿಯ ಜತೆ ಉಳಿದವಳು. ಕರೆತರಲು ಕಮಿಟಿಯಲ್ಲಿದ್ದ ನನ್ನನ್ನು ಕಳಿಸಿದರು.

“ನಮ್ಮವ್ವಂದು ಒಂದೂ ಫೋಟೋ ಇಲ್ಲ ಆಂಟಿ,” ಎಂದಳು. “ಇವರ ಅವ್ವನ್ನ ನಾ ಯಾಕ ಹಿಡ್ಕೊಂಡು ನಿಂದರ್ಲಿ?”

ನಾನೊಬ್ಬಳೇ ಸ್ಟೇಜಿಗೆ ಮರಳಿ, ಅವಳು ಬರುವುದಿಲ್ಲ ಎಂದೆ.

ಅಂಧೇರಿಯಲ್ಲಿ ಹೋಟೆಲ್ ಇಟ್ಟಿದ್ದ, ಅವಳ ಫೀಸಿನ ದಾನಿ, “ಒಂದು ಫೋಟೋ ಹಿಡೀಲಿಕ್ಕೆ ಎಂಥ ಕಷ್ಟ ಮಾರಾಯ್ರೆ?” ಎಂದು ಮುಖ ಊದಿಸಿಕೊಂಡರು. ಮುಂದಿನ ಮೀಟಿಂಗಿನಲ್ಲಿ ಕಮಿಟಿಯವರು ಚಹಾ ಕುಡಿಯುತ್ತ, ಬಹಳ ಪೊಲೈಟಾಗಿ, ಫೀಸಿನ ಪಟ್ಟಿಯಿಂದ ಅವಳ ಹೆಸರನ್ನು ಕೈಬಿಟ್ಟರು. ಕೃತಜ್ಞತೆಯಿಲ್ಲದ ಮಕ್ಕಳಿಗೆ ಎನ್‌ಕರೇಜ್‌ಮೆಂಟ್ ಕೊಡಬಾರದಂತೆ. ದಾನಿ ಮುನಿಸಿಕೊಂಡರೆ ಉಳಿದ ಮಕ್ಕಳ ಗತಿಯೇನು ಎಂದು ಸೆಕ್ರೆಟರಿ ನನಗೇ ತಿಳಿಹೇಳಿದರು. ಅವಳು ಶಾಲೆ ಬಿಟ್ಟು ಮನೆಗೆಲಸಕ್ಕೆ ಹೋಗಲಿ ಎಂದು ಆ ಮೇಜಿನ ಸುತ್ತ ತೀರ್ಮಾನವಾಯಿತು; ಹಾಗೆಂದು ಯಾರೂ ಬಾಯಿಬಿಟ್ಟು ಹೇಳಲಿಲ್ಲ, ಅಷ್ಟೆ.

ಚಿಕ್ಕಂದಿನಲ್ಲಿ ನಾನು ಓದಿದ ಕಾನ್ವೆಂಟಿನಲ್ಲಿ, ಫೀಸಿಲ್ಲದೆ ಓದುವ ಫ್ರೀ ಸ್ಟೂಡೆಂಟ್ ಯಾರೆಂದು ನಮಗೆ ಕೊನೆಯವರೆಗೂ ಗೊತ್ತಾಗಲಿಲ್ಲ. ಮಿಕ್ಕಿದ್ದಕ್ಕೆಲ್ಲ ಬೆತ್ತ ಎತ್ತುತ್ತಿದ್ದ ಸಿಸ್ಟರ್‌ಗಳು ಅದೊಂದು ಗುಟ್ಟನ್ನು ಎಷ್ಟು ಚೆನ್ನಾಗಿ ಕಾಪಾಡಿದ್ದರು!

ನಾನು ಕಮಿಟಿ ಬಿಟ್ಟೆ. ನಮ್ಮ ಬಿಲ್ಡಿಂಗಿನ ಇಬ್ಬರು ಗೆಳತಿಯರೂ ಕೈಜೋಡಿಸಿದರು. ಅವಳ ಸ್ಕೂಲಿಗೇ ಹೋಗಿ ಫೀಸು ಕಟ್ಟಿದೆವು. ರಸೀದಿ ಬರೆಯುತ್ತ, ಯಾರ ನೆನಪಿಗೆ ಎಂದು ಕ್ಲರ್ಕ್ ಕೇಳಿದ. ಯಾರ ನೆನಪಿಗೂ ಅಲ್ಲ, ಅವಳು ಓದಲಿ ಅಂತ, ಎಂದೆ.

ಅವಳನ್ನು ಕೊನೆಯ ಸಲ ಕಂಡದ್ದು ಸ್ಟೇಷನ್ನಿನ ಬ್ರಿಜ್ ಮೇಲೆ. ಹೆಗಲಲ್ಲಿ ಸ್ಕೂಲ್ ಬ್ಯಾಗು, ಸುತ್ತ ಗೆಳತಿಯರು, ಕೈಯಲ್ಲಿ ವಡಾಪಾವ್, ಹಿಂದಿಯಲ್ಲಿ ಏನೋ ತಮಾಷೆ. ನನ್ನನ್ನು ನೋಡಿದಳು. ಹೆಜ್ಜೆ ನಿಧಾನವಾಯಿತು. ಈಕೆ ಯಾರು ಎಂದು ಗೆಳತಿಯರು ಕೇಳಿದರೆ ಏನು ಹೇಳಿಯಾಳು? ನಾನು ಬೇಗನೆ ಮುಖ ತಿರುಗಿಸಿ, ಇಂಡಿಕೇಟರ್ ಬೋರ್ಡಿನಲ್ಲಿ ಮುಂದಿನ ಲೋಕಲ್ ಎಷ್ಟಕ್ಕೆಂದು ಓದತೊಡಗಿದೆ. ಅವರು ನಗುತ್ತಲೇ ನನ್ನ ಬೆನ್ನ ಹಿಂದೆ ದಾಟಿಹೋದರು.