ಮೈಕು ಕೂಗದ ಸಂಜೆಯ ನರಿಮರಿಗಳು

ಈ ಸಲದ ರಂಜಾನಿನಲ್ಲಿ ನಾನು ಮಂಠಾಳದ ಆಚೆಯ ಒಂದು ಹಳ್ಳಿಯ ಬೀಳು ಹೊಲದಲ್ಲಿ ನರಿಮರಿಗಳ ವಿಡಿಯೊ ತೆಗೆಯುತ್ತಿದ್ದೆ. ಮರಿಗಳು ಬಿಲದಿಂದ ಹೊರಬರುವುದು ಹೊತ್ತು ಇಳಿದ ಮೇಲೆ. ಅಷ್ಟರೊಳಗೆ ಕ್ಯಾಮೆರಾದ ಬ್ಯಾಟರಿ ಸತ್ತಿರುತ್ತಿತ್ತು. ಚಾರ್ಜ್ ಮಾಡಲು ಹುಮನಾಬಾದಿನ ನಮ್ಮ ಮನೆಗೆ ಹೋದರೆ ಆ ದಿನವೇ ಹೋದಂತೆ. ಹಳ್ಳಿಯಲ್ಲಿ ಮಧ್ಯಾಹ್ನದಿಂದ ಕತ್ತಲಾಗುವವರೆಗೆ ಕರೆಂಟಿಲ್ಲ. ಇನ್ವರ್ಟರ್ ಇದ್ದದ್ದು ಮಸೀದಿಯಲ್ಲಿ, ಮೈಕಿಗಾಗಿ.

ಮಸೀದಿ ನೋಡಿಕೊಳ್ಳುವ ಮುದುಕರನ್ನು ಊರೆಲ್ಲ ಚಾಚಾ ಅನ್ನುತ್ತಿತ್ತು. ದೇವರನ್ನು ನಂಬದ ನಾನು ಮೊದಲ ದಿನವೇ ಅವರ ಜೊತೆ ವಾದಕ್ಕಿಳಿದಿದ್ದೆ. ಆದರೂ ಬ್ಯಾಟರಿ ಚಾರ್ಜಿಗೆ ಹಚ್ಚಲೇ ಎಂದು ಕೇಳಿದಾಗ, "ಹಚ್ಕೋ ಬೇಟಾ, ಅದಕ್ಕೇನಾಗ್ತದ" ಅಂದರು. ಅವರಿಗೆ ತೋರಿಸಿದ್ದು ಬೆಂಕಿಪೊಟ್ಟಣದಷ್ಟಿದ್ದ ಕ್ಯಾಮೆರಾ ಬ್ಯಾಟರಿ. ಅವರು ಅತ್ತ ಹೋದ ಮೇಲೆ ಹಚ್ಚಿದ್ದು, ಕ್ಯಾಮೆರಾ ಲ್ಯಾಪ್‌ಟಾಪ್ ಎರಡನ್ನೂ ದಿನಗಟ್ಟಲೆ ನಡೆಸುವ ಪವರ್ ಡಬ್ಬಿ. ಬಸವಕಲ್ಯಾಣದಲ್ಲಿ ಕಾಲೇಜು ಓದುವಾಗ ಚರ್ಚಾಸ್ಪರ್ಧೆಯ ಕಪ್ ಗೆದ್ದ ತಲೆ, ನೋಡಿ; ಒಳಗೊಳಗೇ ತೀರ್ಪು ಕೊಟ್ಟುಕೊಂಡಿತು: ಹಚ್ಕೋ ಅಂದರು, ಏನನ್ನು ಅಂತ ಹೇಳಲಿಲ್ಲವಲ್ಲ!

ದಿನಾಲೂ ಹೊತ್ತು ಮುಳುಗುತ್ತಲೇ ಮೈಕಿನ ಅಜಾನ್ ಕೇಳಿ ಮರಿಗಳು ಬಿಲ ಸೇರುತ್ತಿದ್ದವು. ಅವತ್ತು ಸೇರಲಿಲ್ಲ. ಒಂದರ ಬಾಲ ಒಂದು ಕಚ್ಚಿ ಮಣ್ಣಲ್ಲಿ ಉರುಳಾಡಿದವು. ನಸೀಬು ಅಂದುಕೊಂಡು ತೆಗೆದೇ ತೆಗೆದೆ. ಮೈಕು ಯಾಕೆ ಕೂಗಲಿಲ್ಲ ಎಂಬುದು ತಟ್ಟನೆ ಹೊಳೆಯಿತು. ಹೊಳೆದ ಮೇಲೂ ರೆಕಾರ್ಡಿಂಗ್ ನಿಲ್ಲಿಸಲಿಲ್ಲ. ಇದನ್ನು ಬರೆಯುವಾಗ ಈಗಲೂ ಮುಖ ಬಿಸಿಯಾಗುತ್ತದೆ.

ಮಸೀದಿಗೆ ಬಂದಾಗ ಚಾಚಾ ಮಾಳಿಗೆಯಿಂದ ಇಳಿಯುತ್ತಿದ್ದರು. ಬರಿಗಂಟಲಲ್ಲಿ ಅಜಾನ್ ಕೂಗಿ ದನಿ ಒಡೆದಿತ್ತು. ಕೆಳಗಿನ ಓಣಿಯವನೊಬ್ಬ ರೇಗಿದ್ದ: "ನಮ್ಮ ಕಡಿ ಕೇಳಿಸ್ಲೇ ಇಲ್ಲ ಚಾಚಾ! ಖಜೂರ ಕೈಯಾಗ ಹಿಡ್ಕೊಂಡು ಕುಂತೀವಿ, ರೋಜಾ ಬಿಡ್ಬೇಕೋ ಬ್ಯಾಡೋ?"

"ಬ್ಯಾಟ್ರಿ ಮುದಿ ಆಗ್ಯಾದಪಾ, ನನ್ನಂಗ."

ನಾನು ಸುಮ್ಮನಿದ್ದರೆ ಅಲ್ಲಿಗೆ ಮುಗಿಯುತ್ತಿತ್ತು. ನಾಲಿಗೆ ತುದಿಯಲ್ಲಿ ವಾದವೂ ಸಿದ್ಧವಿತ್ತು: ಎಲ್ಲರ ಕಿಸೆಯಲ್ಲೂ ಫೋನಿದೆ, ಅದರಲ್ಲಿ ಟೈಮಿದೆ. ನುಂಗಿ, ಚೀಲದಿಂದ ಪವರ್ ಡಬ್ಬಿ ಹೊರತೆಗೆದೆ. "ಬ್ಯಾಟ್ರಿದು ತಪ್ಪಿಲ್ರಿ ಚಾಚಾ. ಈ ಡಬ್ಬಿ ನಾ ಹಚ್ಚಿದ್ದೆ, ಇದೇ ಎಲ್ಲಾ ಎಳ್ಕೊಂಡದ."

ಅವರು ಡಬ್ಬಿ ನೋಡಿದರು, ನನ್ನನ್ನು ನೋಡಿದರು. "ನನಗ್ಯಾಕ ಹೇಳ್ತಿ? ರೋಜಾ ಹಿಡ್ಕೊಂಡು ಕುಂತೋರಿಗೆ ಹೋಗಿ ಹೇಳು."

ಕೆಳಗಿನ ಓಣಿಯ ಮೊದಲ ಬಾಗಿಲಲ್ಲಿ ನಿಂತೆ. ಬಾಯಿ ತೆರೆಯುವ ಮೊದಲೇ ಆ ಮನೆಯಾಕೆ, "ಬರ್ರಿ, ಹೊರಗ್ಯಾಕ ನಿಂತೀರಿ?" ಎಂದು ಕಲ್ಲಂಗಡಿ ಹೋಳು ಕೈಗಿತ್ತಳು.

ತಿಂದೆ. ಹೇಳಿದ್ದು ತಿಂದಾದ ಮೇಲೆ.